ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ: ನಮ್ಮನೆಗೆ ಬರುವ ಹಣದ ಬಗ್ಗೆ ಕೆಲವು ವರ್ಷಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಹಣ ಬರುತ್ತದೆ. ಯಾರ ಕೈಕಾಲೂ ಹಿಡಿಯದೆ ನಮ್ಮತ್ತೆಯ ಖಾತೆಗೆ ಬಂದು ಬೀಳುತ್ತದೆ. ಆದರೆ ಯಾವತ್ತಾದರೂ ನಿಂತುಹೋದರೆ, ಯಾಕೆ ನಿಂತಿತು ಅಂತ ಹೇಳುವವರು ಯಾರೂ ಇಲ್ಲ. ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ನನ್ನ ದೊಡ್ಡ ತಕರಾರು ಇದೇ. ಉಳಿದದ್ದೆಲ್ಲ ಇದರ ಮುಂದೆ ಚಿಕ್ಕದು.

ಅತ್ತೆ ಜೀವನವಿಡೀ ಕೂಲಿ ಮಾಡಿದವರು. ಈಗ ಅವರಿಗೆ ಎರಡು ಕಡೆಯಿಂದ ದುಡ್ಡು ಬರುತ್ತದೆ. ಕರ್ನಾಟಕ ಸರ್ಕಾರದ ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾದಿಂದ ತಿಂಗಳಿಗೆ 1,200 ರೂಪಾಯಿ, ಮನೆಯ ಯಜಮಾನಿಗೆ ಅಂತ ರಾಜ್ಯ ಕೊಡುವ ಗೃಹಲಕ್ಷ್ಮಿಯಿಂದ 2,000. ಬ್ಯಾಂಕು, ನಾಡಕಚೇರಿ, ಮೊಬೈಲು ಅಂತ ಓಡಾಡುವುದು ಸೊಸೆಯಾದ ನನ್ನ ಕೆಲಸ. ಎರಡೂ ಒಟ್ಟಿಗೆ ಬರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಬರುತ್ತದೆ. ಸಂಧ್ಯಾ ಸುರಕ್ಷಾ ಜೊತೆಗೆ ವಿಧವಾ ವೇತನವನ್ನೂ ತಗೊಳ್ಳುತ್ತೇನೆ ಅಂದರೆ ಆಗುವುದಿಲ್ಲ, ಎರಡು ಪಿಂಚಣಿಯಲ್ಲಿ ಒಂದೇ. ಗೃಹಲಕ್ಷ್ಮಿ ಲೆಕ್ಕ ಬೇರೆ. ಅದನ್ನು ನೋಡಿಕೊಳ್ಳುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪಿಂಚಣಿ ಕಂದಾಯ ಇಲಾಖೆಯ ಕೈಯಲ್ಲಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಗೃಹಲಕ್ಷ್ಮಿ ಬಂದಿಲ್ಲ ಅಂತ ನಾಡಕಚೇರಿ ಮುಂದೆ ಬಿಸಿಲಲ್ಲಿ ನಿಂತಿರುವ ಹೆಂಗಸರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಕೇಳಿ ಪ್ರಯೋಜನ ಇಲ್ಲ. ಅಂಗನವಾಡಿ ಟೀಚರನ್ನು ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಬೇಕು.

ಸಂಧ್ಯಾ ಸುರಕ್ಷಾ ಶುರುವಾಗಿದ್ದು 2007ರಲ್ಲಿ. ಆಗ 400 ರೂಪಾಯಿ ಇತ್ತು. 65 ದಾಟಿದ ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು ಇಂಥವರಿಗೆ ಅಂತ ಮಾಡಿದ್ದು. ಅರ್ಜಿ ಹಾಕುವುದು ಕಷ್ಟವೇನಲ್ಲ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಜೆರಾಕ್ಸ್, ಫೋಟೋ ಇಟ್ಟುಕೊಂಡು ನಾಡಕಚೇರಿಗೆ ಹೋದರೆ ಅರ್ಜಿ ತಗೊಳ್ಳುತ್ತಾರೆ. ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ನೋಡಿ ವರದಿ ಕೊಡುತ್ತಾರೆ, ಆಮೇಲೆ ಮಂಜೂರಾತಿ ಆದೇಶ ಬರುತ್ತದೆ. ನಮಗೆ ಆ ಹಂತದಲ್ಲಿ ಯಾರೂ ದುಡ್ಡು ಕೇಳಲಿಲ್ಲ. ಕಚೇರಿ ಹೊರಗೆ ಒಬ್ಬ ಮಾತ್ರ 'ಬೇಗ ಮಾಡಿಸಿಕೊಡ್ತೀನಿ, ಅಕ್ಕ' ಅಂತ ಹಿಂದೆ ಬಿದ್ದಿದ್ದ. ಅಂಥವರಿಗೆ ಒಂದು ಪೈಸೆಯನ್ನೂ ಕೊಡಬೇಡಿ, ಅವರಿಂದ ಆಗುವಂಥದ್ದು ಏನೂ ಇಲ್ಲ.

ಅರ್ಜಿಯಲ್ಲಿ ತೊಡಕಾಗುವುದು ವಯಸ್ಸು ಮತ್ತು ಆದಾಯ. ಅತ್ತೆ ಕಾಲದವರಿಗೆ ಹುಟ್ಟಿದ ತಾರೀಕು ಎಲ್ಲಿಂದ ಬರಬೇಕು? ಆಧಾರ್ ಮಾಡಿಸುವ ದಿನ ಕಂಪ್ಯೂಟರ್ ಮುಂದೆ ಕೂತವರು ಅಂದಾಜಿಗೆ ಒಂದು ವರ್ಷ ಹಾಕಿ ಜನವರಿ 1 ಅಂತ ಬರೆದಿರುತ್ತಾರೆ. ನಮ್ಮ ಬೀದಿಯಲ್ಲಿ ಅರ್ಧ ಮುದುಕಿಯರು ಜನವರಿ ಒಂದಕ್ಕೇ ಹುಟ್ಟಿದವರು. ಆ ಅಂದಾಜು ಎರಡು ಮೂರು ವರ್ಷ ಹೆಚ್ಚುಕಮ್ಮಿ ಆದರೆ ಪಿಂಚಣಿಯೂ ಅಷ್ಟೇ ವರ್ಷ ಹಿಂದೆ ಬೀಳುತ್ತದೆ. ಪಕ್ಕದ ಮನೆಯ ಅಜ್ಜಿಗೆ ಹೀಗೇ ಆಗಿದೆ. ಅವರ ಮಗನಿಗೆ ಐವತ್ತು ತುಂಬಿದೆ, ಆಧಾರ್ ಪ್ರಕಾರ ಅಜ್ಜಿಗೆ ಅರವತ್ತೂ ಆಗಿಲ್ಲ. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅದಕ್ಕೂ ದಾಖಲೆ ಕೇಳುತ್ತಾರೆ. ಶಾಲೆಯ ಮೆಟ್ಟಿಲೇ ಹತ್ತದವರು ಯಾವ ದಾಖಲೆ ತರಬೇಕು ಹೇಳಿ.

ಆದಾಯದ ಮಿತಿ ವರ್ಷಕ್ಕೆ 32,000. ಇದನ್ನು ಯಾರು ಯಾವ ಲೆಕ್ಕದಲ್ಲಿ ಇಟ್ಟರೋ ನನಗಂತೂ ಅರ್ಥವಾಗುವುದಿಲ್ಲ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಒಂದು ಮನೆಗೆ ಅಂತ ಸರ್ಕಾರವೇ ಆಗ ಮಾತು ಕೊಟ್ಟಿದ್ದ ನೂರು ದಿನದ ಕೆಲಸವನ್ನು ಒಬ್ಬರೇ ಮಾಡಿದರೆ 34,900 ಆಗುತ್ತಿತ್ತು. ಅಂದರೆ ಸರ್ಕಾರ ಕೊಡುವ ಕೂಲಿ ಪೂರ್ತಿ ಮಾಡಿದವರು ಸರ್ಕಾರ ಕೊಡುವ ಪಿಂಚಣಿಗೆ ಶ್ರೀಮಂತರು! ಇದರಿಂದ ಏನಾಗುತ್ತದೆ ಅಂದರೆ ಆದಾಯ ಪ್ರಮಾಣಪತ್ರದಲ್ಲಿ ಎಲ್ಲರೂ ಒಂದು ಕಮ್ಮಿ ಮೊತ್ತ ಬರೆಸುತ್ತಾರೆ, ಬರೆಯುವವರಿಗೂ ಅದು ಗೊತ್ತು. ನಿಜ ಹೇಳಿ ಅರ್ಜಿ ಹಾಕುವ ಹಾಗೆ ಆ ಮಿತಿಯನ್ನು ಏರಿಸಬೇಕು ಅಷ್ಟೇ.

ಇನ್ನು ಹಣ ಕೈಗೆ ಬರುವ ವಿಷಯ. ಹಿಂದೆ ಮನಿಯಾರ್ಡರ್ ಬರುತ್ತಿತ್ತು, ಪೋಸ್ಟ್‌ಮ್ಯಾನ್ ಮನೆಗೆ ಬಂದು ಎಣಿಸಿ ಕೊಡುತ್ತಿದ್ದರು. ಈಗ ಖಾತೆಗೆ ಬರುತ್ತದೆ. ನಮ್ಮೂರಲ್ಲಿ ಬ್ಯಾಂಕ್ ಇಲ್ಲ, ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರ ಒಬ್ಬರಿದ್ದಾರೆ. ಅತ್ತೆ ಅಲ್ಲಿಗೆ ಹೋಗಿ ಬೆರಳು ಇಡಬೇಕು. ನಲವತ್ತು ವರ್ಷ ಕಳೆ ಕಿತ್ತ ಕೈ, ಗೆರೆಗಳೇ ಇಲ್ಲ. ಹೆಬ್ಬೆರಳು ಇಟ್ಟರೆ ಮಿಷನ್ ಕೆಂಪು ದೀಪ ತೋರಿಸುತ್ತದೆ. ಸೆರಗಿನಿಂದ ಒರೆಸಿಕೊಂಡು ಮತ್ತೆ ಇಡುತ್ತಾರೆ. ತೋರುಬೆರಳು, ಅದೂ ಇಲ್ಲ. ಕೊನೆಗೆ ಎಡಗೈ ಉಂಗುರದ ಬೆರಳು ಹಿಡಿಯಿತು. ಅವತ್ತಿಂದ ಅತ್ತೆ ಆ ಬೆರಳನ್ನು ಜೋಪಾನ ಮಾಡುತ್ತಾರೆ. ಹಣ ತೆಗೆಯುವ ಹಿಂದಿನ ದಿನ ಅದಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುತ್ತಾರೆ, ಬೆಳಿಗ್ಗೆ ಸೋಪು ಹಾಕಿ ತೊಳೆದು ಒಣಗಿಸಿಕೊಂಡು ಹೊರಡುತ್ತಾರೆ. ನಿಮ್ಮ ಮನೆಯಲ್ಲೂ ವಯಸ್ಸಾದವರಿಗೆ ಬೆರಳು ಹಿಡಿಯದಿದ್ದರೆ ಹತ್ತೂ ಬೆರಳು ಇಟ್ಟು ನೋಡಿ, ಒಂದಾದರೂ ಸಿಗುತ್ತದೆ. ಆಗಲೂ ಆಗದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಹೊಸದಾಗಿ ಕೊಡಿ. ನಡೆಯೋಕೆ ಆಗದವರಿಗೆ ಪೋಸ್ಟ್‌ಮ್ಯಾನ್ ಮಿಷನ್ ಹಿಡಿದು ಮನೆಗೇ ಬರುತ್ತಾರೆ. ಖಾತೆ ಬೇರೆ ಬ್ಯಾಂಕಿನಲ್ಲಿದ್ದರೂ ಆಧಾರ್ ಜೋಡಣೆ ಆಗಿದ್ದರೆ ಅವರ ಹತ್ತಿರ ತೆಗೆಯಬಹುದು. ಅಂಚೆ ಕಚೇರಿಯಲ್ಲಿ ಕೇಳಿ, ಇದು ತುಂಬಾ ಜನರಿಗೆ ಗೊತ್ತೇ ಇಲ್ಲ.

ಹಣ ತೆಗೆದಾಗಲೆಲ್ಲ ಚೀಟಿ ಕೇಳಿ ತಗೊಳ್ಳಿ. ಚೀಟಿಯಲ್ಲಿರುವ ಮೊತ್ತ, ಕೈಗೆ ಬಂದ ಮೊತ್ತ ಒಂದೇನಾ ನೋಡಿ. ಓದಲು ಬಾರದವರ ಜೊತೆ ಮನೆಯ ಮಕ್ಕಳಲ್ಲಿ ಒಬ್ಬರಾದರೂ ಹೋಗಬೇಕು.

ಈಗ ನಾನು ಮೊದಲು ಹೇಳಿದ ತಕರಾರಿಗೆ ಬರುತ್ತೇನೆ. ಒಂದು ಸಲ ಅತ್ತೆಯ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿತು. ಒಂದು ತಿಂಗಳು ತಡ ಆಗಿರಬಹುದು ಅಂದುಕೊಂಡೆವು. ಎರಡನೇ ತಿಂಗಳೂ ಇಲ್ಲ. ಮೆಸೇಜ್ ಇಲ್ಲ, ಪತ್ರ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ 'ಸರ್ಕಾರದಿಂದ ಬಂದಿಲ್ಲ, ನಾವೇನು ಮಾಡೋದು' ಅಂದರು. ಕಚೇರಿಯಲ್ಲಿ ಕೇಳಿದರೆ 'ನಾವು ಕಳಿಸಿದ್ದೀವಿ, ಬ್ಯಾಂಕಲ್ಲೇ ಕೇಳಿ' ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ ಅನ್ನುವುದೇ ಇಲ್ಲಿ ವಿಶೇಷ. ಸರ್ಕಾರ ಕಳಿಸಿತ್ತು, ಈ ಬ್ಯಾಂಕಿಗೆ ಬಂದಿರಲಿಲ್ಲ. ಆಗಿದ್ದು ಇಷ್ಟೇ: ಸ್ವಸಹಾಯ ಸಂಘದ ಕೆಲಸಕ್ಕೆ ಅಂತ ಅತ್ತೆ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆಗೆದಿದ್ದರು. ಆ ಬ್ಯಾಂಕಿನವರು ಇವರಿಗೆ ಒಂದು ಮಾತೂ ಹೇಳದೆ ಆಧಾರನ್ನು ತಮ್ಮ ಖಾತೆಗೆ ಮ್ಯಾಪಿಂಗ್ ಮಾಡಿಬಿಟ್ಟಿದ್ದರು. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಮ್ಯಾಪ್ ಆದ ಖಾತೆಗೇ ಹೋಗುತ್ತದೆ, ಅರ್ಜಿಯಲ್ಲಿ ನೀವು ಬರೆದ ಖಾತೆ ಸಂಖ್ಯೆ ಯಾವುದೇ ಇರಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಂದಿಲ್ಲ ಅಂತ ಅಳುವ ಎಷ್ಟೋ ಜನರ ಸಮಸ್ಯೆ ಇಲ್ಲೇ ಇರುತ್ತದೆ. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂದರೆ ಆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಆಧಾರ್ ಸಂಖ್ಯೆ ಇದೆ ಅಂತ ಅರ್ಥ. ಅದು ಎಷ್ಟು ಖಾತೆಗೆ ಬೇಕಾದರೂ ಇರಬಹುದು. ಮ್ಯಾಪಿಂಗ್ ಬೇರೆ. ಎನ್‌ಪಿಸಿಐ ಅಂತ ಒಂದು ಸಂಸ್ಥೆ ಇದೆ, ಅದರ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಸರ್ಕಾರದ ಹಣ ಆ ಪಟ್ಟಿ ನೋಡಿಕೊಂಡು ಹೋಗುತ್ತದೆ. ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಿದರೆ ಆಗಿದೆ ಅಂತಲೇ ಹೇಳುತ್ತಾರೆ, ನೀವು ವಾಪಸ್ ಬರುತ್ತೀರಿ, ಹಣ ಮಾತ್ರ ಬರುವುದಿಲ್ಲ. 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ' ಅಂತಲೇ ಕೇಳಬೇಕು. ಅದಕ್ಕಿಂತ ಸುಲಭ, ಮೈಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತದೆ, ಬ್ಯಾಂಕಿನ ಹೆಸರೇ ಬರುತ್ತದೆ. ನಾವು ಅಲ್ಲಿ ನೋಡಿದಾಗಲೇ ಗೊತ್ತಾಗಿದ್ದು. ಆ ಹೊಸ ಖಾತೆಯ ಪಾಸ್‌ಬುಕ್ ಪ್ರಿಂಟ್ ಮಾಡಿಸಿದರೆ ತಪ್ಪಿದ್ದ ಅಷ್ಟೂ ತಿಂಗಳ ಹಣ ಅಲ್ಲಿ ಸಾಲಾಗಿ ಬಂದು ಕೂತಿತ್ತು. ಅತ್ತೆ ಪಾಸ್‌ಬುಕ್ ಹಿಡಿದುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇದು ಯಾವ ತಿಂಗಳದು, ಇದು ಯಾವ ತಿಂಗಳದು ಅಂತ ನನ್ನ ಕೈಲಿ ಓದಿಸಿದರು.

ನಮ್ಮ ಹಣ ಸಿಕ್ಕಿತು, ಸರಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ, ಆಧಾರ್‌ಗೆ ಕೊಟ್ಟಿದ್ದ ನಂಬರ್ ಯಾವತ್ತೋ ಬಂದ್ ಆಗಿರುವ, ಒಬ್ಬರೇ ಇರುವ ಅಜ್ಜಿಗೆ ಇದೇ ಆದರೆ? ಹಣ ಯಾವ ಖಾತೆಗೆ ಹೋಯಿತು, ಅಥವಾ ಯಾವ ಕಾರಣಕ್ಕೆ ನಿಲ್ಲಿಸಿದ್ದೇವೆ ಅಂತ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸುವುದು ಇಷ್ಟು ದೊಡ್ಡ ವ್ಯವಸ್ಥೆಗೆ ಕಷ್ಟವೇ? ಗ್ಯಾಸ್ ಸಿಲಿಂಡರ್ ಹೊರಟರೆ ಮೆಸೇಜ್ ಬರುತ್ತದೆ. ಮುದುಕರ ಊಟದ ದುಡ್ಡು ನಿಂತರೆ ಬರುವುದಿಲ್ಲ. ಇದು ಸರಿಯಾಗಲೇಬೇಕು. ಡಿಬಿಟಿ ಕರ್ನಾಟಕ ಆ್ಯಪ್ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಯಾವ ಯೋಜನೆಯ ಹಣ ಯಾವತ್ತು ಹೋಗಿದೆ ಅಂತ ತೋರಿಸುತ್ತದೆ. ಅದಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಕಂದಾಯ ಇಲಾಖೆಯ 155245 ಸಹಾಯವಾಣಿಯನ್ನು 2022ರಲ್ಲಿ ಶುರು ಮಾಡಿದಾಗ ಫೋನ್ ಮಾಡಿದರೆ ಸಾಕು, ಮನೆ ಬಾಗಿಲಿಗೇ ಪಿಂಚಣಿ ಅಂದಿದ್ದರು. ಯೋಚನೆ ತುಂಬಾ ಒಳ್ಳೆಯದು. ನಿಂತುಹೋದ ಪಿಂಚಣಿಗೂ ಅದೇ ಕಾಳಜಿ ಬೇಕು. ಹೋಬಳಿಯಲ್ಲಿ ಪಿಂಚಣಿ ಅದಾಲತ್ ಮಾಡುತ್ತಾರಲ್ಲ, ಅಲ್ಲಿಗೆ ಹೋಗಿ. ತಹಶೀಲ್ದಾರರೇ ಕೂತಿರುತ್ತಾರೆ, ನಮ್ಮ ಬೀದಿಯವರ ಕೆಲವು ಕೆಲಸ ಅಲ್ಲಿ ಕೂತಲ್ಲೇ ಆಗಿದೆ.

ಗೃಹಲಕ್ಷ್ಮಿ ಬಗ್ಗೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ರೇಷನ್ ಕಾರ್ಡ್‌ನಲ್ಲಿ ಯಾರು ಮನೆಯ ಯಜಮಾನಿ ಅಂತ ಇದೆಯೋ ಅವರಿಗೆ 2,000. ಅವರು ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು. ಆಗ ಟಿವಿಯಲ್ಲೆಲ್ಲ ದುಡ್ಡು ಅತ್ತೆಗೋ ಸೊಸೆಗೋ ಅಂತ ಒಂದೇ ಚರ್ಚೆ. ನಮ್ಮ ಕಾರ್ಡಿನಲ್ಲಿ ಅತ್ತೆ ಯಜಮಾನಿ, ಅವರಿಗೇ ಬರುತ್ತದೆ. ನನಗೆ ಬೇಜಾರಿಲ್ಲ, ಮನಸ್ಸಿನಿಂದ ಹೇಳುತ್ತಿದ್ದೇನೆ. ಮೊದಲು ಅತ್ತೆ ಬಿಪಿ ಮಾತ್ರೆ ಮುಗಿದರೆ ಬಾಯಿ ಬಿಡುತ್ತಿರಲಿಲ್ಲ. ಮಗನ ಕೈ ಖಾಲಿ ಇದೆ ಅಂತ ಗೊತ್ತಿದ್ದರೆ ದಿನಕ್ಕೊಂದು ನುಂಗುವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಎಳೆಯುತ್ತಿದ್ದರು, ಅದು ನಮಗೆ ಗೊತ್ತಾಗಿದ್ದೇ ಡಾಕ್ಟರು ಗದರಿದ ಮೇಲೆ. ಈಗ ತಾವೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಿ ತಿಂಗಳ ಮಾತ್ರೆ ಪೂರಾ ತರುತ್ತಾರೆ, ಚಿಲ್ಲರೆ ಎಣಿಸಿ ನೋಡಿಕೊಂಡು ಬರುತ್ತಾರೆ. ನಾಲ್ಕು ಜನ ಕೂತಾಗ ಅವರ ಮಾತಿಗೂ ಒಂದು ಬೆಲೆ ಬಂದಿದೆ. ಬಿಟ್ಟಿ ಭಾಗ್ಯ ಅಂತ ಹಗುರವಾಗಿ ಮಾತಾಡುವವರು ಯಾವುದಾದರೂ ಕೂಲಿ ಮಾಡುವ ಮನೆಯಲ್ಲಿ ಒಂದು ತಿಂಗಳು ಇದ್ದು ನೋಡಬೇಕು.

ಆದರೆ ಗೃಹಲಕ್ಷ್ಮಿಗೆ ಒಂದು ದಿನಾಂಕ ಅಂತ ಇಲ್ಲ. ಎರಡು ಮೂರು ತಿಂಗಳು ಸುದ್ದಿಯೇ ಇರುವುದಿಲ್ಲ, ಆಮೇಲೆ ಒಟ್ಟಿಗೆ ಬಂದು ಬೀಳುತ್ತದೆ. ಒಟ್ಟಿಗೆ ಬಂದರೆ ಲಾಭವೇ ಅಲ್ವಾ ಅಂತ ಕೆಲವರು ಹೇಳುತ್ತಾರೆ. ಅಲ್ಲ. ತಿಂಗಳಿಗೆ ಬರುತ್ತದೆ ಅಂತ ನಂಬಿ ಹೆಂಗಸರು ಸಂಘದ ಕಂತಿಗೆ, ಮಕ್ಕಳ ಫೀಸಿಗೆ ಲೆಕ್ಕ ಹಾಕಿರುತ್ತಾರೆ. ಆ ತಿಂಗಳು ಬರದಿದ್ದರೆ ಬಡ್ಡಿಗೆ ತರುತ್ತಾರೆ, ಬಂದ ಹಣದಲ್ಲಿ ಒಂದು ಪಾಲು ಬಡ್ಡಿಗೇ ಹೋಗುತ್ತದೆ. ತಡವಾದರೂ ಪರವಾಗಿಲ್ಲ, ಇಂಥ ದಿನ ಅಂತ ಹೇಳಿ ಆ ದಿನ ಹಾಕಲಿ.

ಮೊತ್ತ ಸಾಕಾ ಅಂತ ಕೇಳಿದರೆ, ಪಿಂಚಣಿಯದ್ದು ಸಾಲದು. 1,200 ಅಂದರೆ ದಿನಕ್ಕೆ 40 ರೂಪಾಯಿ. ಅದು 2021ರಲ್ಲಿ ಸಾವಿರದಿಂದ ಏರಿದ್ದು, ಅಕ್ಕಿ ಬೇಳೆ ಎಣ್ಣೆ ಅಲ್ಲಿಗೇ ನಿಂತಿಲ್ಲ. ರಾಜ್ಯ ಇಷ್ಟಾದರೂ ಕೊಡುತ್ತದೆ, ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಮೇಲಾಯಿತು, ಅದು ಜಗ್ಗಿಲ್ಲ. ವರ್ಷ ವರ್ಷ ಬೆಲೆ ಏರಿದ ಹಾಗೆ ನೌಕರರಿಗೆ ತುಟ್ಟಿಭತ್ಯೆ ಏರುತ್ತದೆ. ಕೂಲಿ ಮಾಡಿ ಮುದುಕರಾದವರೂ ಅದೇ ಅಂಗಡಿಯಲ್ಲಿ ಅದೇ ಬೆಲೆ ಕೊಟ್ಟು ಸಾಮಾನು ತರುತ್ತಾರೆ.

ನನ್ನ ಅಂಕ ಐದಕ್ಕೆ ಮೂರೂವರೆ. ನಿಂತಾಗ ಕಾರಣ ತಿಳಿಸುವ ಏರ್ಪಾಡು ಆದರೆ ಇನ್ನೊಂದು ಅಂಕ ಖುಷಿಯಿಂದ ಕೊಡುತ್ತೇನೆ.

ಹೊಸದಾಗಿ ಅರ್ಜಿ ಹಾಕುವವರು ಮಂಜೂರಾತಿ ಆದೇಶದ ಮೂಲ ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಯಾರು ಕೇಳಿದರೂ ಜೆರಾಕ್ಸ್ ಕೊಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಅರ್ಜಿಗೆ ಮೊದಲೇ ನೋಡಿ, ಒಂದರಲ್ಲಿ ಗೌರಮ್ಮ ಇನ್ನೊಂದರಲ್ಲಿ ಗೌರಿ ಅಂತಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಖಾತೆ ಎಲ್ಲೇ ತೆಗೆಯಲಿ, ಆಧಾರ್ ಮ್ಯಾಪಿಂಗ್ ಬದಲಿಸಬೇಡಿ ಅಂತ ಬಾಯಿಬಿಟ್ಟು ಹೇಳಿ. ಮನೆಯ ಯಜಮಾನಿ ತೀರಿಕೊಂಡರೆ ಗೃಹಲಕ್ಷ್ಮಿ ತಾನಾಗಿ ಸೊಸೆಗೆ ಬರುವುದಿಲ್ಲ, ಮೊದಲು ರೇಷನ್ ಕಾರ್ಡ್‌ನಲ್ಲಿ ಯಜಮಾನಿಯ ಹೆಸರು ಬದಲಾಗಬೇಕು, ಆಮೇಲೆ ಹೊಸದಾಗಿ ಅರ್ಜಿ. ಆ ದುಃಖದ ಹೊತ್ತಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.