ಕಾರಂಜಿ ಕೆರೆ: ಹಕ್ಕಿ ನೋಡುವವರ ಕಣ್ಣಿನಿಂದ

ಮೈಸೂರಿನ ಮೃಗಾಲಯದ ಮಗ್ಗುಲಲ್ಲೇ ಇದ್ದು ಅದೇ ಆಡಳಿತಕ್ಕೆ ಒಳಪಟ್ಟಿರುವ ಕಾರಂಜಿ ಕೆರೆ ಪ್ರಕೃತಿ ಉದ್ಯಾನಕ್ಕೆ ಹೋಗುವವರಲ್ಲಿ ಹೆಚ್ಚಿನವರು ದೋಣಿವಿಹಾರಕ್ಕೆಂದೇ ಬರುತ್ತಾರಾದರೂ, ಟಿಕೆಟ್ಟಿನ ಹಣ ಸಾರ್ಥಕವಾಗುವುದು ಹಕ್ಕಿಗಳಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿನ ನಡುವಣ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಇರುಳು ಬಕಗಳು ಒಂದರ ಪಕ್ಕ ಒಂದು ನೆಲೆಸಿರುವುದನ್ನು ದಂಡೆಯ ಕಾಲುದಾರಿಯಿಂದಲೇ ಕಾಣಬಹುದು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಹಾವಕ್ಕಿ. ಮೈಯೆಲ್ಲ ಮುಳುಗಿಸಿ ಕತ್ತನ್ನಷ್ಟೇ ಹೊರಗಿಟ್ಟು ಈಜುವ ಅದು, ನೀರಿನೊಳಗೆ ಮೀನನ್ನು ಭರ್ಜಿಯಂಥ ಕೊಕ್ಕಿನಿಂದ ತಿವಿದು, ಮೇಲೆ ಬಂದು ಗಾಳಿಗೆ ಚಿಮ್ಮಿಸಿ, ತಲೆಯ ಕಡೆಯಿಂದ ನುಂಗುತ್ತದೆ. ಅದರ ಗರಿಗಳು ನೀರು ಹೀರಿಕೊಳ್ಳುವುದರಿಂದ ಬಳಿಕ ಕೊಂಬೆಯ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳಲೇಬೇಕು.

ಒಳಹೊಕ್ಕು ನಡೆದಾಡಬಹುದಾದ ದೊಡ್ಡ ಪಕ್ಷಿಗೃಹವೂ ಚಿಟ್ಟೆ ಉದ್ಯಾನವೂ ಮಕ್ಕಳಿಗೆ ಹಿಡಿಸುತ್ತವೆ. ಆದರೆ ಕೆರೆಯ ಹಕ್ಕಿಗಳು ಸ್ವತಂತ್ರವಾಗಿರುವುದರಿಂದ ನನ್ನ ಮೆಚ್ಚುಗೆ ಅವುಗಳಿಗೇ. ವೀಕ್ಷಣಾ ಗೋಪುರವನ್ನು ತಪ್ಪದೆ ಹತ್ತಿ; ಗೂಡಿನ ಹಕ್ಕಿಗಳು ಬೆದರದಂತೆ ಅಲ್ಲಿ ದನಿ ತಗ್ಗಿಸಿ ಮಾತನಾಡಿ. ಮಂಗಳವಾರ ರಜೆ, ಭಾನುವಾರ ಜನಸಂದಣಿ. ಉಳಿದ ದಿನಗಳಲ್ಲಿ ಬಾಗಿಲು ತೆರೆದ ಕೂಡಲೇ, ಕೊರಳಿಗೊಂದು ದುರ್ಬೀನು ಹಾಕಿಕೊಂಡು ಹೋಗುವುದು ಒಳ್ಳೆಯದು.