ಕಿಮ್ಚಿ ಜೊತೆ ದಿನದ ಊಟಕ್ಕೆ ಏನು ಮಾಡೋದು? ನನ್ನ ಓಟು ಸೋಯಾ ಮೊಳಕೆ ಅನ್ನಕ್ಕೆ

ಕಿಮ್ಚಿ ಅಂದರೆ ಕೋಸಿಗೆ ಉಪ್ಪು, ಖಾರ, ಬೆಳ್ಳುಳ್ಳಿಯ ಮಸಾಲೆ ಸವರಿ ಹುಳಿ ಬರಿಸುವ ಕೊರಿಯಾದ ಅಡುಗೆ. ಅದರ ಜೊತೆ ದಿನಾ ಏನು ತಿನ್ನೋದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಗೆದ್ದಿದ್ದು ಕೊಂಗ್ನಾಮುಲ್‌ಬಾಪ್. ಸೋಯಾ ಕಾಳಿನ ಮೊಳಕೆ ಹಾಕಿ ಬೇಯಿಸುವ ಅನ್ನ, ಅಷ್ಟೇ. ಕಿಮ್ಚಿ ಜ್ಜಿಗೆ ಅನ್ನುವ ಕಿಮ್ಚಿ ಸಾರು ಬಿಟ್ಟರಿಲ್ಲ ಅನ್ನುವವರೇ ಜಾಸ್ತಿ, ಗೊತ್ತು. ಅವರ ಮಾತು ಸುಳ್ಳೂ ಅಲ್ಲ. ಆದರೆ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮನೆಗೆ ಬಂದು, ಅಡುಗೆಮನೆಯೂ ಮಲಗುವ ಕೋಣೆಯೂ ಒಂದೇ ಆಗಿರುವ ಒನ್‌ರೂಮ್‌ನಲ್ಲಿ, ಫ್ರಿಜ್ಜಿನೊಳಗಿನ ಕಿಮ್ಚಿ ಇವತ್ತು ಯಾವ ಹದದಲ್ಲಿದೆ ಅಂತ ತಲೆ ಕೆಡಿಸಿಕೊಳ್ಳದೆ ಊಟ ಆಗಬೇಕು ಅಂದರೆ ನನಗೆ ಬೇರೆ ದಾರಿ ಕಾಣುವುದಿಲ್ಲ.

ನಾನಿರುವುದು ಸುವೊನ್‌ನಲ್ಲಿ, ಸಿಯೋಲ್‌ನಿಂದ ಸ್ವಲ್ಪ ದಕ್ಷಿಣಕ್ಕೆ. ಊರು ಉಡುಪಿ ಕಡೆ. ಮೀನು, ಒಣ ಸಿಗಡಿ ತಿಂದು ಬೆಳೆದವನು, ಹಾಗಾಗಿ ಕಿಮ್ಚಿಯ ವಾಸನೆ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಮೊದಲೆಲ್ಲ ಕನ್ವೀನಿಯನ್ಸ್ ಸ್ಟೋರಿನ ಸಣ್ಣ ಪೊಟ್ಟಣ ತರುತ್ತಿದ್ದೆ. ಕೆಜಿ ಲೆಕ್ಕ ಹಾಕಿದರೆ ಅದು ತುಂಬಾ ದುಬಾರಿ. ಅದಕ್ಕೆ ಆನ್‌ಲೈನ್‌ನಲ್ಲಿ 5 ಕೆಜಿ ಪೋಗಿ ಕಿಮ್ಚಿ ತರಿಸಿದೆ. ಪೋಗಿ ಅಂದರೆ ಇಡೀ ಕೋಸನ್ನು ಹೆಚ್ಚದೆ, ಎಲೆ ಎಲೆಗೂ ಮಸಾಲೆ ಸವರಿ ಹಾಕಿದ್ದು. ಒಬ್ಬನೇ ಇರುವವನ ಮನೆಗೆ 5 ಕೆಜಿ ಕಿಮ್ಚಿ ಬಂದ ಮೇಲೆ ದಿನಾ ಅದರ ಜೊತೆ ಏನು ಹೋಗುತ್ತದೆ ಅನ್ನುವುದು ಗಂಭೀರವಾದ ವಿಷಯವಾಗಿಬಿಡುತ್ತದೆ.

ನಮ್ಮವರು ಕಿಮ್ಚಿಯನ್ನು ಉಪ್ಪಿನಕಾಯಿ ಥರ ತಟ್ಟೆ ತುದಿಯಲ್ಲಿ ಚೂರು ಇಟ್ಟುಕೊಳ್ಳುತ್ತಾರೆ. ಇಲ್ಲಿನವರು ಪಲ್ಯದ ಹಾಗೆ ತಿನ್ನುತ್ತಾರೆ, ತುತ್ತಿಗೊಂದು ತುಂಡು. ಅಷ್ಟು ಉಪ್ಪು, ಹುಳಿ, ಖಾರ ಪಕ್ಕದಲ್ಲೇ ಇರುವಾಗ ಮುಖ್ಯ ಅಡುಗೆ ಸಪ್ಪೆಯಾಗಿರಬೇಕು, ಬಿಸಿಯಾಗಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಊಟ ಸೇರುವುದಿಲ್ಲ.

ಈಗ ಜ್ಜಿಗೆ ವಿಷಯಕ್ಕೆ ಬರೋಣ. ಕಿಮ್ಚಿಯನ್ನು ಎಣ್ಣೆಯಲ್ಲಿ ಹುರಿದು, ಹಂದಿಮಾಂಸವನ್ನೋ ಡಬ್ಬಿಯ ಟ್ಯೂನಾ ಮೀನನ್ನೋ ಹಾಕಿ, ನೀರು ಸುರಿದು ಕುದಿಸಿ, ಕೊನೆಗೆ ತೋಫು (ಸೋಯಾ ಹಾಲಿನ ಪನೀರ್) ಹಾಕುವ ಸಾರು ಇದು. ನೀರಿನ ಬದಲು ಅಕ್ಕಚ್ಚು ಹಾಕಿದರೆ ಇನ್ನೂ ಚೆಂದ. ಅಕ್ಕಿ ತೊಳೆದ ನೀರನ್ನು ದನಕ್ಕೆ ಇಡುವುದನ್ನು ನೋಡಿದವನಿಗೆ ಅದನ್ನೇ ಸಾರಿಗೆ ಹಾಕುವುದು ಮೊದಲು ವಿಚಿತ್ರ ಅನಿಸಿತು. ಆದರೆ ಸಾರು ಮಂದವಾಗಿ, ಮೆತ್ತಗೆ ಬರುತ್ತದೆ.

ತೊಂದರೆ ಇರುವುದು ಕಿಮ್ಚಿಯ ವಯಸ್ಸಿನಲ್ಲಿ. ಜ್ಜಿಗೆ ಹುಳಿ ಬಂದ ಕಿಮ್ಚಿಯ ಅಡುಗೆ. ನನಗೆ ಬಂದಿದ್ದು ಆಗಷ್ಟೇ ಮಾಡಿದ್ದು. ಹೊಸ ಕಿಮ್ಚಿ ಹಾಗೇ ತಿನ್ನಲು ಅದ್ಭುತ, ಕರಕರ ಅನ್ನುತ್ತದೆ, ಸ್ವಲ್ಪ ಸಿಹಿಯೂ ಇರುತ್ತದೆ. ಅದನ್ನೇ ಕುದಿಸಿದರೆ? ಹಸಿರು ಎಲೆ ಬೇಯುತ್ತದೆ, ಬಿಳಿ ದಂಟು ಹಟ ಹಿಡಿದು ಗಟ್ಟಿಯಾಗೇ ಉಳಿಯುತ್ತದೆ, ಸಾರು ಬೆಳ್ಳುಳ್ಳಿ ಘಾಟಿನ ಖಾರದ ನೀರಾಗುತ್ತದೆ. ಎಷ್ಟು ಹೊತ್ತು ಕುದಿಸಿದರೂ ಹುಳಿ ಬರುವುದಿಲ್ಲ. ಬರುವುದಾದರೂ ಹೇಗೆ, ಹುಳಿ ಕೊಡುವುದು ಬೆಂಕಿಯಲ್ಲ, ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ. ಒಂದು ಚಮಚ ವಿನೆಗರ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಹಾಕಿದೆ. ನಾಲಿಗೆ ತುದಿಗೆ ಹುಳಿ ಮುಟ್ಟುತ್ತದೆ, ಹಿಂದೆ ಏನೂ ಇಲ್ಲ. ಚೆನ್ನಾಗಿ ಹಳತಾದ ಕಿಮ್ಚಿ, ಮುಗುನ್‌ಜಿ ಅಂತ, ಮಾರ್ಟ್‌ನಲ್ಲಿ ಬೇರೆಯಾಗಿಯೇ ಸಿಗುತ್ತದೆ. ಆದರೆ ಮನೆಯಲ್ಲಿ 5 ಕೆಜಿ ಇಟ್ಟುಕೊಂಡು ಮತ್ತೆ ಕಿಮ್ಚಿಗೇ ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ.

ಸರಿ, ಹೊರಗಿಟ್ಟು ಹುಳಿ ಬರಿಸೋಣ ಅಂತ ಅರ್ಧ ಕಿಮ್ಚಿಯನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿದೆ. ಚಳಿಗಾಲ. ಕೊರಿಯಾದ ಮನೆಗಳಲ್ಲಿ ಬಿಸಿ ಬರುವುದು ನೆಲದಿಂದ, ಓಂದೊಲ್ ಅಂತ, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿರುತ್ತದೆ. ಜಾಗ ಇಲ್ಲದ ಕೋಣೆಯಲ್ಲಿ ಡಬ್ಬ ಕೂತಿದ್ದೂ ನೆಲದ ಮೇಲೆಯೇ. ಸಂಜೆ ಬಂದು ನೋಡಿದರೆ ಮುಚ್ಚಳ ಉಬ್ಬಿ ಒಂದು ಮೂಲೆಯ ಕ್ಲಿಪ್ಪು ಬಿಟ್ಟುಕೊಂಡಿತ್ತು, ಕೆಂಪು ರಸ ಗೋಡೆಗುಂಟ ಹರಿದು ಬಿಳಿ ಅಂಚುಪಟ್ಟಿಯನ್ನು ಕಿತ್ತಳೆ ಮಾಡಿತ್ತು, ಒಳಗೆ ಇನ್ನೂ ಸಣ್ಣ ಸಣ್ಣ ಗುಳ್ಳೆ ಪುಟಿಯುತ್ತಿತ್ತು. ಹುಳಿಯುವಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅದಕ್ಕೇ ಡಬ್ಬವನ್ನು ಕಂಠಮಟ್ಟ ತುಂಬಬಾರದು. ಮೇಲೆ ಒಂದಷ್ಟು ಜಾಗ ಬಿಡಬೇಕು, ಕಿಮ್ಚಿಯನ್ನು ರಸದೊಳಗೆ ಒತ್ತಿಡಬೇಕು, ಆಗಾಗ ಮುಚ್ಚಳ ಸಡಿಲಿಸಬೇಕು. ವಾಸನೆ ಕೋಟಿಗೂ ಹೊದಿಕೆಗೂ ಹತ್ತಿತು. ಈ ದೇಶದಲ್ಲಿ ಕಿಮ್ಚಿಗೇ ಅಂತ ಬೇರೆ ಫ್ರಿಜ್ ಯಾಕೆ ಇಟ್ಟುಕೊಳ್ಳುತ್ತಾರೆ ಅನ್ನುವುದು ನನಗೆ ಆವತ್ತು ಅರ್ಥವಾಯಿತು. 1995ರಲ್ಲಿ ದಿಮ್ಚೆ ಅನ್ನುವ ಹೆಸರಿನಲ್ಲಿ ಅಂಥ ಫ್ರಿಜ್ ಬಂದು ಮನೆಮಾತಾಯಿತು. ಅದಕ್ಕೂ ಮೊದಲು ಚಳಿಗಾಲದಲ್ಲಿ ಮಣ್ಣಿನ ಜಾಡಿಯನ್ನು ನೆಲದಲ್ಲಿ ಹೂತಿಡುತ್ತಿದ್ದರು. ನನ್ನ ಕೋಣೆಯಲ್ಲಿ ಎರಡಕ್ಕೂ ಅವಕಾಶವಿಲ್ಲ.

ಆ ಡಬ್ಬದ ಕಿಮ್ಚಿ ಹದಕ್ಕೆ ಬಂದ ಮೇಲೆ ಮಾಡಿದ ಜ್ಜಿಗೆ ಮಾತ್ರ ತಟ್ಟೆ ನೆಕ್ಕುವ ಹಾಗಿತ್ತು. ಆದರೆ ನೋಡಿ, ಅದು ಕಾಯಬೇಕಾದ ಅಡುಗೆ. ಇವತ್ತು ಹಸಿವಾಗಿದೆ ಅಂತ ಇವತ್ತೇ ಆಗುವುದಿಲ್ಲ.

ಕಿಮ್ಚಿ ಬೊಕ್ಕುಂಬಾಪ್, ಅಂದರೆ ಕಿಮ್ಚಿ ಹಾಕಿ ಹುರಿದ ಅನ್ನ, ಬೇಗ ಆಗುತ್ತದೆ. ಹಿಂದಿನ ದಿನದ ತಣ್ಣನೆ ಅನ್ನ ಇದ್ದರೆ ಮಾತ್ರ. ಇಲ್ಲಿಯ ಗುಂಡಕ್ಕಿ ಅಂಟು, ಬಿಸಿ ಅನ್ನ ಬಾಣಲೆಗೆ ಹಾಕಿದರೆ ಮುದ್ದೆ. ಕಿಮ್ಚಿಯನ್ನು ಹಿಂಡಿ, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಅಂಚು ಕಂದಾಗುವವರೆಗೆ ಹುರಿದು ಆಮೇಲೆ ಅನ್ನ ಹಾಕಬೇಕು, ಹಿಂಡಿದ ರಸ ಕೊನೆಯಲ್ಲಿ. ಮೇಲೊಂದು ಮೊಟ್ಟೆ. ರುಚಿಗೆ ಕೊರತೆಯಿಲ್ಲ. ಆದರೆ ಇದರ ಪಕ್ಕ ಮತ್ತೆ ಕಿಮ್ಚಿ ತಿನ್ನಲು ಆಗುವುದಿಲ್ಲ, ಹೋಟೆಲಿನವರೂ ಇದಕ್ಕೆ ಹಳದಿ ಮೂಲಂಗಿ ಹೋಳು ಕೊಡುವುದೇ ಜಾಸ್ತಿ. ಕಿಮ್ಚಿ ಖಾಲಿ ಮಾಡಲು ಒಳ್ಳೆಯದು, ಕಿಮ್ಚಿ ಜೊತೆಗಿನ ಊಟ ಅನ್ನಲು ಮನಸ್ಸಿಲ್ಲ.

ರಾಮ್ಯೊನ್, ಅಂದರೆ ಇಲ್ಲಿನ ಇನ್‌ಸ್ಟಂಟ್ ನೂಡಲ್ಸ್, ಜೊತೆ ಕಿಮ್ಚಿ ಇಲ್ಲಿ ಎಲ್ಲರೂ ತಿನ್ನುತ್ತಾರೆ, ನಾನೂ ತಿಂದಿದ್ದೇನೆ. ಒಂದು ಪೊಟ್ಟಣದಲ್ಲೇ ಸಾಮಾನ್ಯವಾಗಿ 1,500 ಮಿಲಿಗ್ರಾಂ ಮೇಲೆ ಸೋಡಿಯಂ ಇರುತ್ತದೆ, ಇಡೀ ದಿನಕ್ಕೆ 2,000 ದಾಟಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನ ಮೇಲೆ ಉಪ್ಪು. ದಿನದ ಊಟವಂತೂ ಅಲ್ಲ.

ಹಂದಿಮಾಂಸ ಬೇಯಿಸಿ ಹೊಸ ಕಿಮ್ಚಿಯಲ್ಲಿ ಸುತ್ತಿ ತಿನ್ನುವುದು ಕಿಮ್‌ಜಾಂಗ್ ದಿನದ ಊಟ. ಚಳಿಗಾಲದ ಮೊದಲು ಮನೆಯವರು, ನೆರೆಯವರು ಸೇರಿ ರಾಶಿ ಕಿಮ್ಚಿ ಹಾಕುವ ಕೆಲಸವೇ ಕಿಮ್‌ಜಾಂಗ್. ಯುನೆಸ್ಕೋ 2013ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದನ್ನೇ. ಮಂಗಳವಾರ ರಾತ್ರಿ ಒಬ್ಬನಿಗೋಸ್ಕರ ಯಾರು ಮಾಡುತ್ತಾರೆ?

ಬಿಸಿನೀರಲ್ಲಿ ಕುದಿಸಿದ ತೋಫು, ಪಕ್ಕದಲ್ಲಿ ಹುರಿದ ಕಿಮ್ಚಿ: ಎರಡನೇ ಸ್ಥಾನ. ಹತ್ತು ನಿಮಿಷದ ಕೆಲಸ.

ನಮ್ಮ ಅಡುಗೆ ಜೊತೆಗೂ ನೋಡಿದೆ. ಸಿಯೋಲ್‌ನಲ್ಲಿ ವಿದೇಶಿ ದಿನಸಿ ಸಿಗುವ ಇಟೆವೊನ್‌ನಿಂದ ತಂದ ತೊಗರಿಬೇಳೆಯ ತೊವ್ವೆ, ಇಂಗು ಹಾಕದೆ ಬರೀ ಜೀರಿಗೆ ಒಗ್ಗರಣೆ, ಅನ್ನ, ಕಿಮ್ಚಿ. ಚೆನ್ನಾಗಿಯೇ ಹೊಂದಿತು. ಮೊಸರನ್ನದ ಜೊತೆ ಮಾತ್ರ ಬೇಡ. ಕಿಮ್ಚಿಯೊಳಗಿನ ಸಿಗಡಿ ವಾಸನೆಯೂ ಮೊಸರೂ ಒಂದೇ ತುತ್ತಿನಲ್ಲಿ ನನಗೆ ಆಗಿಬರಲಿಲ್ಲ.

ಇನ್ನು ನನ್ನ ಕೊಂಗ್ನಾಮುಲ್‌ಬಾಪ್. ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ, ಕರೆಂಟಿನ ಕುಕ್ಕರಿಗೆ ಹಾಕಿ, ಮಾಮೂಲಿಗಿಂತ ಸ್ವಲ್ಪ ಕಡಿಮೆ ನೀರು. ಮೊಳಕೆಯೇ ನೀರು ಬಿಡುತ್ತದೆ, ಮರೆತರೆ ಅನ್ನ ಮೆತ್ತಗಾಗುತ್ತದೆ. ಎರಡು ಲೋಟ ಅಕ್ಕಿಗೆ ಒಂದು ಪೊಟ್ಟಣ ಮೊಳಕೆ ಮೇಲೆ ಹರಡಿ ಮುಚ್ಚಿ, ಗುಂಡಿ ಒತ್ತಿ. ನಡುವೆ ತೆಗೆದು ನೋಡಬೇಡಿ. ಸೋಯಾ ಕಾಳಿನ ಕಿಣ್ವವೊಂದು ಪೂರ್ತಿ ಬೇಯುವ ಮೊದಲು ಹಸಿ ವಾಸನೆ ಹುಟ್ಟಿಸುತ್ತದೆ, ಅರ್ಧದಲ್ಲಿ ಮುಚ್ಚಳ ತೆಗೆದು ಬಿಸಿ ಇಳಿಸಿದರೆ ಆ ವಾಸನೆ ಉಳಿದುಬಿಡುತ್ತದೆ ಅನ್ನುತ್ತಾರೆ. ಒಂದೋ ಕೊನೆಯವರೆಗೂ ಮುಚ್ಚಿರಬೇಕು, ಇಲ್ಲಾ ಮೊದಲಿನಿಂದಲೂ ತೆರೆದಿರಬೇಕು. ಕುಕ್ಕರಿನಲ್ಲಿ ಮೊದಲನೆಯದೇ ಸುಲಭ.

ಅದು ಬೇಯುವಷ್ಟರಲ್ಲಿ ಸ್ನಾನ ಮುಗಿಯುತ್ತದೆ. ಸೋಯಾ ಸಾಸಿಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಚೂರು ಮೆಣಸಿನಪುಡಿ, ಹುರಿದ ಎಳ್ಳು, ಎಳ್ಳೆಣ್ಣೆ. ಕಿಮ್ಚಿ ಇರುವುದರಿಂದ ಈ ಸಾಸು ಅರ್ಧ ಚಮಚ ಸಾಕು. ಅನ್ನವನ್ನು ಸೌಟಿನಲ್ಲಿ ಬುಡದಿಂದ ಮೇಲಕ್ಕೆ ತಿರುವಿದಾಗ ಮೊಳಕೆಯ ಹಳದಿ ತಲೆಗಳು ಅನ್ನದ ನಡುವೆ ಅಲ್ಲಲ್ಲಿ ಕಾಣುತ್ತವೆ, ಹಬೆಯಲ್ಲಿ ಬೆಂದ ಕಾಳಿನ ಪರಿಮಳ. ಒಂದು ತುತ್ತು, ಮೇಲೊಂದು ತುಂಡು ಕಿಮ್ಚಿ. ಹೊಸ ಕಿಮ್ಚಿಯಾದರೆ ಅದರ ಸಿಹಿ ಗೊತ್ತಾಗುತ್ತದೆ, ಹಳೆಯದಾದರೆ ಹುಳಿ. ಎರಡಕ್ಕೂ ಈ ಅನ್ನ ಜಾಗ ಬಿಡುತ್ತದೆ. ನಾನು ಇದಕ್ಕೆ ಸೋತಿದ್ದು ಇಲ್ಲಿಯೇ. ಕಿಮ್ಚಿ ಯಾವ ವಯಸ್ಸಿನದಾದರೂ ನಡೆಯುತ್ತದೆ, ಜ್ಜಿಗೆಯ ಹಾಗೆ ಇದು ಶರತ್ತು ಹಾಕುವುದಿಲ್ಲ. ಮೊಳಕೆಯ ಪೊಟ್ಟಣ ಸಾವಿರ-ಎರಡು ಸಾವಿರ ವೊನ್, ಎರಡು ಹೊತ್ತಿಗೆ ಆಗುತ್ತದೆ. ಪ್ರೋಟೀನ್ ಬೇಕು ಅನಿಸಿದ ದಿನ ಒಂದು ಮೊಟ್ಟೆ.

ಮೊಳಕೆ ಕರಕರ ಇರಲೇಬೇಕು ಅನ್ನುವವರು ಅದನ್ನು ಬೇರೆ ಬೇಯಿಸಿ, ಆ ನೀರಿನಲ್ಲಿ ಅನ್ನ ಮಾಡಿ ಕೊನೆಗೆ ಬೆರೆಸುತ್ತಾರೆ. ರುಚಿ ಅದೇ ಮೇಲು. ಒಂದು ಪಾತ್ರೆ ಜಾಸ್ತಿ ತೊಳೆಯಬೇಕು, ನನಗೆ ಬೇಡ.

ಮನೆಯಲ್ಲಿ ಇಬ್ಬರು ಮೂವರಿದ್ದು, ಹುಳಿ ಕಿಮ್ಚಿ ಸದಾ ಇರುತ್ತದೆ ಅಂದರೆ ಜ್ಜಿಗೆಯನ್ನೇ ಮಾಡಿ. ನಾನೂ ಡಬ್ಬದ ತಳದಲ್ಲಿ ಉಳಿದದ್ದಕ್ಕೆ ಅದನ್ನೇ ಮಾಡುತ್ತೇನೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಂಗಡಿಯ ಕಿಮ್ಚಿಯಲ್ಲಿ ಹೆಚ್ಚಾಗಿ ಉಪ್ಪು ಹಾಕಿ ಕೊಳೆಸಿದ ಸಿಗಡಿ ಅಥವಾ ಬೊಳಂಜಿರು ಥರದ ಸಣ್ಣ ಮೀನಿನ ರಸ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ವೀಗನ್ ಅಂತ ಬರೆದಿರುವುದನ್ನೇ ತನ್ನಿ. ಬೌದ್ಧ ದೇವಾಲಯಗಳ ಕಿಮ್ಚಿಯಲ್ಲಿ ಮೀನೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಈರುಳ್ಳಿಯೂ ಇಲ್ಲ. ಮತ್ತೆ, ಮೊದಲ ಸಲ 5 ಕೆಜಿ ತರಿಸಬೇಡಿ, 1 ಕೆಜಿ ಸಾಕು. ತರಿಸಿಯೇ ತೀರುತ್ತೀರಿ ಅಂದರೆ ಡಬ್ಬವನ್ನು ನೆಲದ ಮೇಲೆ ಮಾತ್ರ ಇಡಬೇಡಿ.