ಕಡಲತೀರದಲ್ಲಿ ಕೊಂಡ ‘ಅಮೆರಿಕದ’ ಗಿಟಾರು

ಕಾರವಾರದ ಕಡೆ ಹಳೆಯ ಎಲೆಕ್ಟ್ರಿಕ್ ಗಿಟಾರು ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ ಹೊರಡಿ. ನಾನು 58,000 ರೂಪಾಯಿ ಕಳೆದುಕೊಂಡದ್ದು ಕಳೆದ ನವೆಂಬರಿನಲ್ಲಿ. ನಾಚಿಕೆಯಿಂದ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಅಂಕೋಲಾದಲ್ಲಿ ಮಾರಾಟಕ್ಕಿದೆ ಎಂಬ ಇನ್ನೊಂದು ಗಿಟಾರಿನ ಚಿತ್ರ ಕಣ್ಣಿಗೆ ಬಿತ್ತು. ಬಣ್ಣ ಬೇರೆ, ಸೀರಿಯಲ್ ನಂಬರು ಮಾತ್ರ ನನ್ನ ಗಿಟಾರಿನದೇ. ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ.

ನನ್ನದು ಶಿರಸಿ ಸಮೀಪದ ಹಳ್ಳಿ. ಅಡಿಕೆ ತೋಟದ ನಡುವೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಬೇಡಿ, ಹತ್ತಿಯಾಗಿದೆ. ಜಾಹೀರಾತಿನಲ್ಲಿ ‘ಫೆಂಡರ್ ಅಮೆರಿಕನ್ ಸ್ಟ್ಯಾಂಡರ್ಡ್ ಸ್ಟ್ರಾಟೋಕ್ಯಾಸ್ಟರ್, 2003’ ಎಂದಿತ್ತು. ಫೆಂಡರ್ ಎಂದರೆ ಹೆಸರಾಂತ ಅಮೆರಿಕದ ಗಿಟಾರು ಕಂಪನಿ, ಸ್ಟ್ರಾಟೋಕ್ಯಾಸ್ಟರ್ ಅದರದೊಂದು ಎಲೆಕ್ಟ್ರಿಕ್ ಗಿಟಾರು. ಫೋನಿನಲ್ಲಿ ಮಾರುವವನ ಮಾತು ಬಲು ನಯ. ಅವನ ಮಾವ ಹಡಗಿನಲ್ಲಿ ಕೆಲಸಕ್ಕಿದ್ದರಂತೆ, ಅಮೆರಿಕದಿಂದ ತಂದದ್ದಂತೆ, ಈಗ ಮನೆಯಲ್ಲಿ ನುಡಿಸುವವರೇ ಇಲ್ಲವಂತೆ. ಕಾರವಾರ, ಗೋವಾ ಕಡೆಯ ಮನೆಗಳಲ್ಲಿ ಹಡಗಿಗೆ ಹೋದ ಮಾವನೊಬ್ಬ ಇರುವುದು ಅಪರೂಪವಲ್ಲ. ನಂಬಿದೆ. 5,000 ಮುಂಗಡವನ್ನೂ ಕಳಿಸಿದೆ.

ಮನೆಗೆ ಸುಣ್ಣಬಣ್ಣ ನಡೆಯುತ್ತಿದೆ ಎಂದು ನೆಪ ಹೇಳಿ ಅವನು ನನ್ನನ್ನು ಕರೆದದ್ದು ಟಾಗೋರ್ ಕಡಲತೀರಕ್ಕೆ, ಯುದ್ಧನೌಕೆ ಸಂಗ್ರಹಾಲಯದ ಹತ್ತಿರ, ಸಂಜೆ ಆರೂವರೆಗೆ. ನವೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಂಪ್ಲಿಫೈಯರ್ ತಂದಿರಲಿಲ್ಲ. ತಂತಿಗಳು ದೇಹದ ಮೇಲೆ ಆನಿಕೊಳ್ಳುವ ಬ್ರಿಜ್‌ನ ಸ್ಕ್ರೂಗಳಿಗೆ ತುಕ್ಕು ಹಿಡಿದದ್ದನ್ನು ಅವನೇ ಮೊಬೈಲ್ ಬೆಳಕಿನಲ್ಲಿ ತೋರಿಸಿದ: “ನೋಡಿ ಸರ್, ಇಪ್ಪತ್ತು ವರ್ಷದ ಸಾಮಾನು.” ಕರಾವಳಿಯ ಉಪ್ಪುಗಾಳಿಗೆ ಹೊಸ ಬಾಗಿಲಿನ ಚಿಲಕವೂ ಎರಡು ಮಳೆಗಾಲದಲ್ಲಿ ಕೆಂಪಾಗುತ್ತದೆ ಎಂಬುದು ಗೊತ್ತಿದ್ದೂ ನಾನು ತಲೆಯಾಡಿಸಿದೆ. ಸೀರಿಯಲ್ ನಂಬರು ‘ಝಡ್ 3’ ಎಂದು ಆರಂಭವಾಗುತ್ತಿತ್ತು. ಫೆಂಡರ್ ಲೆಕ್ಕದಲ್ಲಿ ಝಡ್ ಎಂದರೆ 2000ರ ದಶಕದ ಅಮೆರಿಕ, ಮುಂದಿನ 3 ಎಂದರೆ 2003; ಕ್ಯಾಲಿಫೋರ್ನಿಯಾದ ಕೊರೋನಾ ಕಾರ್ಖಾನೆಯದು. ಇಷ್ಟು ತಾಳೆಯಾದದ್ದೇ ತಡ, ನಾನೇ ದೊಡ್ಡ ಪಂಡಿತನಾದೆ.

“ಹಿಂದಿನ ಮುಚ್ಚಳ ಬಿಚ್ಚಿ ನೋಡಲೇ?” ಎಂದು ಒಮ್ಮೆ ಕೇಳಿದ್ದೆ.

“ಕಾರ್ಖಾನೆಯಲ್ಲಿ ಹಾಕಿದ ಸ್ಕ್ರೂ ಸರ್, ಮುಟ್ಟಿದರೆ ಕಿಮ್ಮತ್ತು ಹೋಗುತ್ತದೆ.”

ಉಳಿದ 53,000ವನ್ನು ನಗದಾಗಿ ಎಣಿಸಿ ಕೊಟ್ಟೆ.

ಮನೆಯಲ್ಲಿ ಆಂಪ್ಲಿಫೈಯರಿಗೆ ಜೋಡಿಸಿದರೆ ಸ್ವರಕ್ಕಿಂತ ಗುಂಯ್ ಎನ್ನುವ ಸದ್ದೇ ಹೆಚ್ಚು. ಮಡಗಾಂವಿನಲ್ಲಿ ಗಿಟಾರು ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ನಂಬರಿನತ್ತ ನೋಡಲೇ ಇಲ್ಲ. ನೆಕ್‌ನ, ಅಂದರೆ ಗಿಟಾರಿನ ಉದ್ದ ಕತ್ತಿನ, ಮೇಲೆ ಬೆರಳಿಟ್ಟು ಫ್ರೆಟ್ (ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಎಣಿಸಿದರು: ಇಪ್ಪತ್ತೊಂದು. ಆಮೇಲೆ ಬ್ರಿಜ್‌ನ ಮುಂದಿನ ಸ್ಕ್ರೂಗಳು: ಆರು. “ಅಮೆರಿಕನ್ ಸ್ಟ್ಯಾಂಡರ್ಡ್ ಎಂದಿರಾ?” ಎಂದು ನಕ್ಕರು. ಆ ಮಾದರಿ 1980ರ ದಶಕದ ಉತ್ತರಾರ್ಧದಲ್ಲಿ ಬಂದಾಗಿನಿಂದಲೂ ಅದಕ್ಕೆ 22 ಫ್ರೆಟ್. ಬ್ರಿಜ್ ನಿಲ್ಲುವುದು ಎರಡೇ ಕಂಬಗಳ ಮೇಲೆ. 21 ಫ್ರೆಟ್, ಆರು ಸ್ಕ್ರೂ ಇರುವ ಅಸಲಿ ಫೆಂಡರುಗಳೂ ಉಂಟು. ಆ ಕಾಲದ ಮೆಕ್ಸಿಕೋ ಸ್ಟ್ಯಾಂಡರ್ಡ್ ಹಾಗೆಯೇ ಇರುತ್ತಿತ್ತು, ಆದರೆ ಅದರ ನಂಬರು ‘ಎಂಝಡ್’ ಎಂದು ಆರಂಭವಾಗಬೇಕು. ಇನ್ನೂ ನಗೆಯ ವಿಷಯವೆಂದರೆ 2003ರಲ್ಲಿ ಅಮೆರಿಕನ್ ಸ್ಟ್ಯಾಂಡರ್ಡ್ ಎಂಬ ಹೆಸರೇ ಚಾಲ್ತಿಯಲ್ಲಿರಲಿಲ್ಲ. 2000ದಲ್ಲಿ ಅದನ್ನು ಅಮೆರಿಕನ್ ಸೀರೀಸ್ ಎಂದು ಬದಲಿಸಿದ್ದರು. ಹಳೆಯ ಹೆಸರು ಮರಳಿದ್ದು 2008ರಲ್ಲಿ. ಜಾಹೀರಾತಿನ ಒಂದು ಸಾಲಿನಲ್ಲೇ ಸುಳ್ಳು ಕೂತಿತ್ತು, ನಾನು ಓದಿರಲಿಲ್ಲ.

ಬಳಿಕ ತಂತಿ ಸಡಿಲಿಸಿ ಮುಂಭಾಗದ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡ್ ಎತ್ತಿದರು. ವಾಲ್ಯೂಮ್ ಗುಂಡಿಯ ಕೆಳಗೆ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇರುವಂಥ ಪುಟ್ಟ ಪೊಟೆನ್ಶಿಯೋಮೀಟರ್. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ತಳಕ್ಕೆ ಕಪ್ಪು ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿತ್ತು. (ಇದೊಂದನ್ನೇ ನೋಡಿ ನಕಲಿ ಎನ್ನಬೇಡಿ, ಆಗಿನ ಅಸಲಿ ಮೆಕ್ಸಿಕೋ ಗಿಟಾರುಗಳಲ್ಲೂ ಸೆರಾಮಿಕ್ ಇರುತ್ತಿತ್ತು. ಅಮೆರಿಕನ್ ಸೀರೀಸ್ ಎಂದು ಮಾರುವಾಗ ಮಾತ್ರ ಇದು ಸಲ್ಲದು.) ಹಿರಿಯರು ಟಾರ್ಚನ್ನು ಗೂಡಿನೊಳಗೆ ಓರೆಯಾಗಿ ಹಿಡಿದು ನನ್ನನ್ನು ಹತ್ತಿರ ಕರೆದರು. ಬಣ್ಣ ತಾಗದ ಒಂದು ಅಂಚಿನಲ್ಲಿ ಮರ ಕಾಣುತ್ತಿತ್ತು: ಒಂದು ಪದರ ತಿಳಿ, ಒಂದು ಪದರ ಕಂದು, ಮತ್ತೆ ತಿಳಿ. ಪ್ಲೈವುಡ್! ನಮ್ಮ ಮನೆಯ ಟಿ.ವಿ. ಕಪಾಟಿನದೂ ಅದೇ ಜಾತಿ. ಅಸಲಿಯಾಗಿದ್ದರೆ ಆಲ್ಡರ್ ಅಥವಾ ಆ್ಯಶ್ ಮರ ಕಾಣಬೇಕಿತ್ತು. ಅದೇ ಟಾರ್ಚನ್ನು ಗಿಟಾರಿನ ತಲೆಯ ಮೇಲೆ ಅಡ್ಡ ಹಿಡಿದಾಗ ಫೆಂಡರ್ ಎಂಬ ಅಕ್ಷರಗಳ ಅಡಿಯಲ್ಲಿ ಉಜ್ಜಿ ಅಳಿಸಿದ ಇನ್ನೊಂದು ಹೆಸರಿನ ನೆರಳು ಮೂಡಿತು.

ನಂಬರು ಎಲ್ಲಿಂದ ಬಂತು ಎಂದು ಕೇಳಿದೆ. ಯಾರದೋ ಅಸಲಿ ಗಿಟಾರಿನ ಚಿತ್ರದಿಂದ ಎತ್ತಿ ಅಚ್ಚು ಹಾಕಿಸಿದರೆ ಆಯಿತು ಎಂದರು. ಅಸಲಿ ನಂಬರೇ ಆದರೂ ಅದು ಇರುವುದು ನೆಕ್‌ನ ತಲೆಯ ಮೇಲೆ. ನೆಕ್ ದೇಹಕ್ಕೆ ಕೂತಿರುವುದು ನಾಲ್ಕು ಸ್ಕ್ರೂಗಳಿಂದ. ಬಿಚ್ಚಿ ಬೇರೆ ದೇಹಕ್ಕೆ ಹಾಕಲು ಕಾಲು ಗಂಟೆ ಸಾಕಂತೆ.

ಮನೆಗೆ ಬಂದಾಗ ಭಾವ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದ: “ಮಂಡಿಯಲ್ಲಿ ಚಾಲಿ ಅಡಿಕೆಯನ್ನು ಕತ್ತರಿಸಿ ನೋಡದೆ ಯಾರಾದರೂ ದರ ಹೇಳುತ್ತಾರೋ, ಭಾವ?” ಉತ್ತರಿಸಲಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಮುಂಗಡಕ್ಕೆ ದಾಖಲೆ ಇದೆ, ನಗದಿಗೆ ಇಲ್ಲ. ಅವನ ಫೋನು ಅಂದಿನಿಂದ ಸ್ವಿಚ್ ಆಫ್.

ಈಗ ಯಾರಾದರೂ ಕೊಳ್ಳುವುದಿದ್ದರೆ ಹಗಲಿನಲ್ಲಿ, ಮಾರುವವರ ಮನೆಯಲ್ಲೇ, ಆಂಪ್ಲಿಫೈಯರಿಗೆ ಜೋಡಿಸಿ ನೋಡಿ. ಜೇಬಿನಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್ ಇರಲಿ. ಹಿಂದಿನ ಮುಚ್ಚಳ ಬಿಚ್ಚಲು ಒಪ್ಪದಿದ್ದರೆ ಚಹಾ ಕುಡಿದು ಎದ್ದು ಬನ್ನಿ. ಗಿಟಾರಿನ ತಲೆಯ ಮೇಲೆ ಸ್ಕ್ವಯರ್ (ಫೆಂಡರಿನದೇ ಅಗ್ಗದ ಬ್ರ್ಯಾಂಡು) ಎಂದಿದ್ದು ನಂಬರು ‘ಐಸಿಎಸ್’ ಎಂದು ಶುರುವಾದರೆ ಅದು ಇಂಡೋನೇಷ್ಯಾದ್ದು. ಅದರಲ್ಲಿ ಮೋಸವೇನಿಲ್ಲ, ಇಂಡೋನೇಷ್ಯಾದ ಬೆಲೆ ಕೇಳಿದರೆ ಧಾರಾಳವಾಗಿ ಕೊಳ್ಳಿ.

ನನ್ನ ಗಿಟಾರನ್ನು ಭಾವನ ಮಗ ಕಲಿಯಲು ಒಯ್ದಿದ್ದಾನೆ. ಕೊಡುವ ಮೊದಲು ತಲೆಯ ಮೇಲಿನ ಹೆಸರನ್ನೂ ನಂಬರನ್ನೂ ಮರಳು ಕಾಗದದಿಂದ ತಿಕ್ಕಿ ತೆಗೆದೆ.